ತಂಗಿಗಿಂತ ಮೇಲಿನ ಗೆರೆ

ಲುಸೀಲ್ ಮಿಶೋಗೆ ಹೊಟ್ಟೆಕಿಚ್ಚಿತ್ತು ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ತಂಗಿ ನೊಯೆಲಾ ಹುಟ್ಟಿದ ದಿನ ಹೊತ್ತಿಕೊಂಡದ್ದು ಆರಲೇ ಇಲ್ಲ. ಅವರ ಪಕ್ಕದ ಮನೆಯಲ್ಲೇ ಬೆಳೆದವಳು ನಾನು, ಕಣ್ಣಾರೆ ಕಂಡಿದ್ದೇನೆ. ತಂಗಿಗೆ ಹೊಸ ಕೋಟು ಬಂದರೆ ಅಕ್ಕನಿಗೆ ತಲೆನೋವು. ತಂಗಿ ಕಾವಲಿಗೆ ದೋಸೆಯಂತೆ ಹುಯ್ದ ಪ್ಲೋಯ್ ರೊಟ್ಟಿ ತೆಳ್ಳಗೆ ಬಂತೆಂದು ಅಜ್ಜಿ ಹೊಗಳಿದರೆ ಅಕ್ಕನಿಗೆ ಅವತ್ತು ಹಸಿವೇ ಇಲ್ಲ.

ಕಾರಣವಿಲ್ಲದೆ ಏನಲ್ಲ. ಅಪ್ಪ ಹಾಸಿಗೆ ಹಿಡಿದ ವರ್ಷ ಲುಸೀಲಳನ್ನು ಶಾಲೆ ಬಿಡಿಸಿ ಆಲೂಗಡ್ಡೆ ಕಾರ್ಖಾನೆಗೆ ಕಳಿಸಿದರು. ಹಗಲು ಕಾರ್ಖಾನೆ, ಸಂಜೆ ಅಪ್ಪನ ಸ್ನಾನ, ಔಷಧಿ, ಮಗ್ಗುಲು ಬದಲಿಸುವುದು, ಎಲ್ಲ ಅವಳದೇ. ನೊಯೆಲಾ ಹೈಸ್ಕೂಲು ಮುಗಿಸಿ, ಗೌನು ತೊಟ್ಟು ಫೋಟೋ ತೆಗೆಸಿಕೊಂಡಳು. ಆ ಫೋಟೋ ತಾಯಿಯ ಊಟದ ಮನೆಯಲ್ಲಿ ಈಗಲೂ ಇದೆ. ಲುಸೀಲ್ ಅದಕ್ಕೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಾಳೆ.

ಮುಂದೆ ನೊಯೆಲಾ ಕೂಡ ಅದೇ ಕಾರ್ಖಾನೆ ಸೇರಿದಳು. ಇಬ್ಬರಿಗೂ ಐವತ್ತರ ಆಸುಪಾಸಿನಲ್ಲಿ ಅದು ಬಾಗಿಲು ಮುಚ್ಚಿತು. ಕೆಲಸ ಕಳೆದುಕೊಂಡವರು ಹೊಸ ವಿದ್ಯೆ ಕಲಿಯಲಿ ಎಂದು ಸರ್ಕಾರ, ಶಾಲೆ ಮುಗಿಸದವರಿಗೆ ಮೊದಲು ಅದರ ಪರೀಕ್ಷೆ ಬರೆಸಿ, ನಮ್ಮ ಊರ ಕಾಲೇಜಿಗೆ ಕಳಿಸಿತು. ಲುಸೀಲ್ ನರ್ಸಿಂಗ್ ಆರಿಸಿಕೊಂಡಳು. ಅಪ್ಪನನ್ನು ನೋಡಿಕೊಂಡ ಕೈ ಅದು, ಜೀವನದಲ್ಲಿ ಅವಳು ತನಗಾಗಿ ಬಯಸಿದ್ದು ಇದೊಂದೇ. ಮರುದಿನ ನೊಯೆಲಾಳೂ ಅದಕ್ಕೇ ಹೆಸರು ಕೊಟ್ಟಳು. ಲುಸೀಲ್ ನನ್ನ ಮುಂದೆ ಕೂತು, ಇದನ್ನಾದರೂ ನನಗೆ ಬಿಡಬಾರದಿತ್ತೇ ಎಂದು ಅತ್ತಳು. ಮೊದಲ ಆರು ತಿಂಗಳಲ್ಲಿ ಅಂಗರಚನೆಯ ಪಾಠದಲ್ಲಿ ಪಾಸಾಗದವರಿಗೆ ಮುಂದೆ ದಾರಿಯಿಲ್ಲ.

ಕಾಲೇಜಿನ ನೆಲಮಾಳಿಗೆಯಲ್ಲಿ ಓದುವ ಬಗೆ ಕಲಿಸುವುದು ನನ್ನ ಕೆಲಸ. ಹೊಸಬರಿಗೆಲ್ಲ ಮೊದಲು ಒಂದು ಪ್ರಶ್ನಾವಳಿ ಕೊಡುತ್ತೇನೆ. ಪಾಠ ಕೇಳುವಾಗ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆಯೇ, ಪರೀಕ್ಷೆ ಎಂದರೆ ಕೈ ಬೆವರುತ್ತದೆಯೇ, ಬೇಸರ ಬಂದರೂ ಪುಸ್ತಕ ಹಿಡಿದು ಕೂರುತ್ತೀರಾ, ಹೀಗೆ. ಉತ್ತರಗಳ ಅಂಕಗಳು ಸೇರಿ ಒಂದು ಹಾಳೆಯಲ್ಲಿ ಗೆರೆಯಾಗುತ್ತವೆ, ಓದುವ ಬಗೆ ಚೆನ್ನಾಗಿದ್ದಷ್ಟೂ ಗೆರೆ ಮೇಲೆ. ಗೆರೆ ಕೆಳಗಿದ್ದವರಿಗೆ ನನ್ನ ಮಂಗಳವಾರದ ತರಗತಿಯಲ್ಲಿ ಜಾಗ. ಇದರಲ್ಲಿ ಸರಿ ತಪ್ಪು ಇಲ್ಲ, ನಿಮಗೆ ಹೇಗೋ ಹಾಗೆ ಗುರುತು ಹಾಕಿ ಎಂದು ಈ ಅಕ್ಕತಂಗಿಯರ ತಂಡಕ್ಕೂ ಬಾಯಿ ನೋಯುವಷ್ಟು ಹೇಳಿದೆ. ಯಾರು ಕೇಳುತ್ತಾರೆ?

ನೊಯೆಲಾ ಪೆನ್ಸಿಲ್ ಕಚ್ಚುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಕೂತಿದ್ದಳು. ಅದನ್ನು ಓರೆಗಣ್ಣಿನಲ್ಲಿ ನೋಡಿದ ಲುಸೀಲ್ ಸರಸರನೆ ಗುರುತು ಹಾಕಿ ಎಲ್ಲರಿಗಿಂತ ಮೊದಲು ಎದ್ದಳು. ಅವಳ ಗೆರೆ ಹಾಳೆಯ ಮೇಲಂಚಿನಲ್ಲೇ ಓಡಿತ್ತು. ಅಷ್ಟು ಒಳ್ಳೆಯ ವಿದ್ಯಾರ್ಥಿ ಭೂಮಿಯ ಮೇಲಿಲ್ಲ.

"ಇದು ನೀನೇನಾ, ಲುಸೀಲ್?" ಎಂದೆ.

"ಯಾಕೆ, ನಾನು ಮೇಲಿರಬಾರ್ದಾ?"

ಹಾಳೆ ಅವಳ ಫ್ರಿಜ್ ಬಾಗಿಲೇರಿತು. ಭಾನುವಾರ ಚರ್ಚ್ ಮುಗಿದ ಮೇಲೆ ತಾಯಿಯನ್ನು ಕರೆದುಕೊಂಡು ಹೋಗಿ ತೋರಿಸಿದಳು. ನೊಯೆಲಾಳ ಗೆರೆ ನೆಲ ಕಚ್ಚಿತ್ತು. ಅವಳಿಗೆ ಅದರ ನಾಚಿಕೆಯೇ ಇಲ್ಲ, ಕ್ಲಾಸಿನಲ್ಲಿ ಐದು ನಿಮಿಷಕ್ಕೆ ತನ್ನ ತಲೆ ಆಚೆ ಹೋಗುತ್ತದೆ ಎಂದು ಕಂಡಕಂಡವರಿಗೆ ಹೇಳಿಕೊಂಡು ನಕ್ಕಳು. ಮಂಗಳವಾರ ಬಂದು ಕೂತಳು.

ಪುಸ್ತಕ ಮುಚ್ಚಿ ಓದಿದ್ದನ್ನು ಬಾಯಿಬಿಟ್ಟು ಹೇಳುವುದು, ನೋಡದೆ ಚಿತ್ರ ಬರೆಯುವುದು, ತಿಳಿಯದಿದ್ದರೆ ಕೇಳುವುದು, ಇಷ್ಟನ್ನೇ ನಾನು ಕಲಿಸುವುದು. ಲುಸೀಲ್ ಮನೆಯಲ್ಲಿ ಹಳದಿ ಪೆನ್ನು ಹಿಡಿದು ಪುಟದ ಸಾಲುಗಳಿಗೆಲ್ಲ ಬಣ್ಣ ಬಳಿಯುತ್ತಿದ್ದಳು. ಎಲೆ ಉದುರುವ ಹೊತ್ತಿಗೆ ತಂಗಿ ಒಳ್ಳೆಯ ಅಂಕ ತರುತ್ತಿದ್ದಳು. ಅಕ್ಕ ಎರಡು ಕಿರುಪರೀಕ್ಷೆಯಲ್ಲೂ ಫೇಲು. ಇನ್ನೊಂದರಲ್ಲಿ ಬಿದ್ದರೆ ಮನೆಗೆ.

ಒಂದು ಮಧ್ಯಾಹ್ನ ಧುಮುಗುಟ್ಟುತ್ತ ನನ್ನ ಕೋಣೆಗೆ ಬಂದಳು.

"ಅವಳಿಗೆ ಮಾತ್ರ ತುತ್ತು ಮಾಡಿ ತಿನ್ನಿಸ್ತೀಯ. ನಮ್ಮಮ್ಮನೂ ಹಿಂಗೇ ಮಾಡ್ತಿದ್ಳು."

ನನಗೂ ಸಿಟ್ಟು ಬಂತು. ನಿನ್ನ ಹಾಳೆ ನಂಬಿದರೆ ನೀನೇ ನನಗೆ ಪಾಠ ಹೇಳಬೇಕು ಎಂದು, ಹೊಸ ಪ್ರಶ್ನಾವಳಿ ಅವಳ ಮುಂದಿಟ್ಟೆ. ಈ ಸಲ ತುಂಬ ಹೊತ್ತು ಹಿಡಿಯಿತು. ಕೈ ಬೆವರುವ ಪ್ರಶ್ನೆಗೆ ಬಂದಾಗ ಅಂಗೈಯನ್ನು ಕೋಟಿಗೆ ಒರೆಸಿಕೊಂಡಳು. ಗೆರೆ ಪಾತಾಳಕ್ಕಿಳಿದಿತ್ತು.

"ನೊಯೆಲಾಗಿಂತ ಕೆಳಗಿದೆಯಾ?"

ಒಬ್ಬರದು ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದೆ.

"ಹಂಗಾದ್ರೆ ಕೆಳಗೇ ಇದೆ ಬಿಡು," ಎಂದಳು.

ಆದರೆ ನನ್ನ ತರಗತಿ ತುಂಬಿತ್ತು, ಇನ್ನೊಬ್ಬರಿಗೆ ನಾನೇ ಹೇಳಿಕೊಡುವಂತಿರಲಿಲ್ಲ. ಆಗಲೇ ಕಲಿತ ಒಬ್ಬರನ್ನು ಅದೇ ಹೊತ್ತಿಗೆ ನಿನಗೆ ಹೇಳಿಕೊಡಲು ಜೊತೆಗೆ ಕೂರಿಸಬಹುದು, ಬಿಡುವಿರುವುದು ನೊಯೆಲಾಗೆ ಮಾತ್ರ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಲುಸೀಲ್ ಕೋಟಿನ ಗುಂಡಿ ಹಾಕಿಕೊಂಡಳು. ಅದಕ್ಕಿಂತ ಫೇಲಾಗುವುದೇ ವಾಸಿ ಎಂದು ಬಾಗಿಲು ಬಡಿದು ಹೋದಳು.

ಮಂಗಳವಾರ ಬಂದಳು. ಎಲ್ಲರಿಗಿಂತ ತಡವಾಗಿ, ಯಾರ ಮುಖವನ್ನೂ ನೋಡದೆ, ತಂಗಿಯ ಎದುರಿನ ಕುರ್ಚಿಯಲ್ಲಿ ಕೂತಳು. ನೊಯೆಲಾ ಮಣಿಕಟ್ಟಿನ ಚಿತ್ರವನ್ನು ಅಂಗೈಯಿಂದ ಮುಚ್ಚಿ, ಹೆಬ್ಬೆರಳಿನ ಬುಡದಲ್ಲಿರುವ ಮೂಳೆ ಯಾವುದು ಎಂದು ಕೇಳಿದಳು. ಲುಸೀಲ್ ಗೋಡೆ ನೋಡಿದಳು. ಬಾಗಿಲು ನೋಡಿದಳು. ಎದ್ದು ಹೋಗುತ್ತಾಳೆ ಎಂದುಕೊಂಡೆ.

"ನಂಗೊತ್ತಿಲ್ಲ," ಎಂದಳು. "ನಿಂಗೊತ್ತು. ಇನ್ನೇನು ನನ್ನ ಬಾಯಲ್ಲಿ ಹೇಳಿಸ್ಬೇಕು ನೀನು? ಹೇಳ್ಕೊಡು."

ಕಣ್ಣಲ್ಲಿ ಅದೇ ಹಳೆಯ ಕಿಚ್ಚು, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ನೊಯೆಲಾ ನಗಲಿಲ್ಲ. ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಕಾರ್ಖಾನೆಯ ನೀರಿನಲ್ಲಿ ಗಂಟುಗಟ್ಟಿದ ಅಕ್ಕನ ಕೈಯನ್ನು ಎಳೆದುಕೊಂಡು, ಒಂದೊಂದೇ ಮೂಳೆ ಒತ್ತಿ ಹೆಸರು ಹೇಳಿದಳು. ಲುಸೀಲ್ ಅವಳ ಹಿಂದೆ ಹೇಳುತ್ತ ಹೋಗಿ, ಮೂರನೆಯದರಲ್ಲಿ ತಪ್ಪಿದಳು.

"ಇನ್ನೊಂದ್ಸಲ," ಎಂದಳು, ಕೈ ಬಿಡಿಸಿಕೊಳ್ಳದೆ.