ಹುಣಸೆಹಣ್ಣಲ್ಲಿ ತೊಳೆದ ತೋಟಾ

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನನಗೆ ಜಿಂಕೆ ಬೇಟೆ ಕಲಿಸಿದವರು ದಾವಣಗೆರೆಯ ಇಕ್ಬಾಲ್ ಅಂಕಲ್. ಬಂದೂಕಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬೋದನ್ನೂ ಅವರೇ ಕಲಿಸಿದ್ದು. ಒಮ್ಮೆ ಗುರಿ ಹೊಡೆಯೋ ರೇಂಜಿನಲ್ಲಿ ಯಾರೋ ಬಿಟ್ಟುಹೋಗಿದ್ದ ಮಿಲಿಟರಿ ತೋಟಾಗಳ ಖಾಲಿ ಹಿತ್ತಾಳೆ ಕೇಸುಗಳನ್ನು ಆರಿಸಿ ತಂದೆ. ದೀಪದ ಕಂಬ ಬೆಳಗಿದ ಹಾಗೆ ಹುಣಸೆಹಣ್ಣಲ್ಲಿ ಉಜ್ಜಿ, ಅಂಕಲ್ ಗ್ಯಾರೇಜಿನಲ್ಲಿ ಎಂದಿನಷ್ಟೇ ಮದ್ದು ಹಾಕಲು ಕೂತೆ.

"ತಡಿಯೋ ತಮ್ಮಾ," ಎಂದು ಕೈ ಹಿಡಿದರು. ನನ್ನ ಹಳೇ ಕೇಸಿಗೆ ನೀರು ತುಂಬಿಸಿ ಆ ಮಿಲಿಟರಿ ಕೇಸಿಗೆ ಸುರಿದರು. ನೀರು ಹೊರಚೆಲ್ಲಿತು.

"ಇದರ ಗೋಡೆ ದಪ್ಪ, ಒಳಗೆ ಜಾಗ ಕಮ್ಮಿ. ಅಷ್ಟೇ ಮದ್ದು ಹಾಕಿದ್ರೆ ಪ್ರೆಶರ್ ಏರಿ ಬಂದೂಕು ನಿನ್ನ ಮುಖಕ್ಕೇ ಸಿಡಿದೀತು."

ನನ್ನ ಎರಡು ಕಣ್ಣೂ ಇವತ್ತು ನೆಟ್ಟಗಿರೋದು ಅವರ ಪುಣ್ಯ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ದಪ್ಪ ತಳದ ಲೋಟದಲ್ಲಿ ಕಾಫಿ ಕಮ್ಮಿ ಹಿಡಿಯುತ್ತೆ ಅಂತ ನಾನೇ ಹೇಳ್ತಿದ್ನಲ್ರೀ," ಅಂದಳು. "ಅದಿರಲಿ, ಸಾರಿಗಿಟ್ಟಿದ್ದ ಹುಣಸೆಹಣ್ಣೆಲ್ಲಿ?"