ಬ್ರೌನ್ ಪೇಪರ್ ಹಾಕಿದ ನಾಲ್ಕನೇ ಕ್ಲಾಸಿನ ಪುಸ್ತಕ

ಮೊಮ್ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸುವ ಮೊದಲು ಅಲ್ಲಿ ಏನು ಕಲಿಸುತ್ತಾರೆಂದು ತಿಳಿದುಕೊಳ್ಳೋಣ ಎಂದು ಹೊರಟವಳು ನಾನು. ಅಷ್ಟೇ ಕೆಲಸ. ಅದಕ್ಕೆ ಒಂದಿಡೀ ಬೇಸಿಗೆ ಹಿಡಿಯಿತು. ಕೊನೆಗೆ ತಿಳಿದುಕೊಂಡದ್ದೇನು ಎಂಬುದು ಇವತ್ತಿಗೂ ನನಗೆ ಕ್ಲಿಯರ್ ಇಲ್ಲ.

ಹುಡುಗಿಗೆ ಚಿಕ್ಕಂದಿನಲ್ಲಿ ಉಬ್ಬಸ. ಸೇರಿಸಬೇಕಾದ ವರ್ಷ ಕೊರೊನಾ ಬಂದು ಶಾಲೆಗಳೇ ಮುಚ್ಚಿದವು. ತೆರೆದ ಮೇಲೂ ಉಬ್ಬಸದ ಭಯಕ್ಕೆ ಕಳಿಸಲಿಲ್ಲ, ಹಾಗೇ ಐದು ವರ್ಷ ಕಳೆಯಿತು. ಅವಳ ತಾಯಿ, ಅಂದರೆ ನನ್ನ ಮಗಳು, ಚಳ್ಳಕೆರೆಯಲ್ಲಿ ನರ್ಸ್. ಬೆಳಿಗ್ಗೆ ಮೊಳಕಾಲ್ಮೂರಿನಲ್ಲಿ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಟೀಚರ್ ನಾನೇ ಆದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ ಹಾಗೆಯೇ ಕಲಿಸಿದೆ: ನಾಲ್ಕು ಗೆರೆಯ ನೋಟ್‌ಬುಕ್ಕಿನಲ್ಲಿ ಕರ್ಸಿವ್, ತಿಂಡಿಯಾದ ಮೇಲೆ ಡಿಕ್ಟೇಶನ್, ಶುಕ್ರವಾರ ಹೊಲಿಗೆ. ಕನ್ನಡವೂ ಲೆಕ್ಕವೂ ನಡುನಡುವೆ. ಮಗು ಚುರುಕು. ಆದರೆ ಯಾವ ಕ್ಲಾಸಿನಷ್ಟು ಚುರುಕು? ಅದನ್ನು ಹೇಳುವವರಿರಲಿಲ್ಲ.

ಎದುರು ಮನೆಯ ಹುಡುಗಿ ಇವಳ ಓರಗೆಯವಳು, ಜೂನಿನಲ್ಲಿ ಐದನೇ ಕ್ಲಾಸಿಗೆ ಹೋಗುವವಳು. ನಮ್ಮವಳ ಶರತ್ತು ಒಂದೇ.

“ಅವಳ ಪಕ್ಕ ಕೂರಿಸಿದ್ರೆ ಹೋಗ್ತೀನಿ ಅಜ್ಜಿ. ಚಿಳ್ಳೆಪಿಳ್ಳೆಗಳ ಜತೆ ಮೂರನೇ ಕ್ಲಾಸಿಗೆ ಹಾಕಿದ್ರೆ ಓಡಿ ಬಂದ್‌ಬಿಡ್ತೀನಿ.”

ಮೂರನೇ ಕ್ಲಾಸಿಗೆ ಹಾಕಿದರೆ ಅದು ಅವಳಿಗೆ ಕೊಟ್ಟ ಮಾರ್ಕ್ಸ್ ಅಲ್ಲ, ನನಗೆ ಕೊಟ್ಟದ್ದು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಶಾಲೆಗೆ ರಜೆ, ಬೀಗ. ಎದುರು ಮನೆಯಲ್ಲಿ ನಾಲ್ಕನೇ ಕ್ಲಾಸಿನ ಪುಸ್ತಕ ಕೇಳಿದರೆ, ವರ್ಷದ ಕೊನೆಗೆ ಶಾಲೆಯವರೇ ವಾಪಸ್ ತೆಗೆದುಕೊಂಡಿದ್ದರು. ಮಗಳ ಜೊತೆ ಚಳ್ಳಕೆರೆಗೆ ಹೋಗಿ ಪುಸ್ತಕದ ಅಂಗಡಿಗಳಲ್ಲಿ ಕೇಳಿದೆ.

“ಸರ್ಕಾರಿ ಬುಕ್ಕು ನಮ್ತಾವ ಬರಲ್ಲ ಕಣಮ್ಮ, ಸೀದಾ ಸ್ಕೂಲಿಗೇ ಹೋಗ್ತಾವೆ. ಗೈಡ್ ಐತೆ, ಕೊಡ್ಲಾ?” ಎಂದ ಅಂಗಡಿಯವನು.

ಗೈಡ್! ನಮ್ಮ ಕಾಲದಲ್ಲಿ ಗೈಡ್ ಹಿಡಿದವರನ್ನು ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಬರಿಗೈಯಲ್ಲಿ ಬಂದೆ.

ಕೊನೆಗೆ ದಾರಿ ತೋರಿಸಿದವಳು ಪಕ್ಕದ ಮನೆಯ ಸೀರೆ ನೇಯುವಾಕೆ. “ನಮ್ಮ ನಾದಿನಿ ಮಗಳು ನಾಲ್ಕನೇ ಕ್ಲಾಸ್ ಮುಗಿಸ್ಯಾಳೆ, ಗೌರ್ಮೆಂಟ್ ಸ್ಕೂಲು, ಕನ್ನಡ ಮೀಡಿಯಂ. ತರಿಸಿಕೊಡ್ತೀನಿ ಬಿಡ್ರಿ” ಎಂದಳು. ಒಂದು ವಾರಕ್ಕೆ ಪುಸ್ತಕಗಳು ಬಂದವು. ನೀಟಾಗಿ ಬ್ರೌನ್ ಪೇಪರ್ ಹಾಕಿ, ಮೂಲೆ ಮಡಿಸಿ, ಲೇಬಲ್ ಅಂಟಿಸಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಹೊದಿಕೆಯನ್ನು ಮುಟ್ಟಲೇ ಇಲ್ಲ. ಒಳಗೆ ಮೊದಲ ಕೆಲವು ಹಾಳೆ ಹರಿದುಹೋಗಿದ್ದವು. ಇರಲಿ, ಮಕ್ಕಳ ಪುಸ್ತಕ.

ಲೆಕ್ಕ ಸರಿಯಿತ್ತು. ಪರಿಸರದ ಪುಸ್ತಕ ಮಾತ್ರ ತಲೆ ತಿರುಗಿಸಿತು. ನಮ್ಮ ರಾಜ್ಯದ ಪ್ರಾಣಿ ಕೃಷ್ಣಮೃಗ. ರಾಜ್ಯದ ಪಕ್ಷಿ ಗಿಳಿ. ಹೂವು ಮಲ್ಲಿಗೆ. ಆನೆ ಯಾವಾಗ ಹೋಯಿತು? ನೀಲಕಂಠ ಪಕ್ಷಿ ಏನಾಯಿತು? ಮಗಳನ್ನು ಕೇಳಿದೆ. ಡ್ಯೂಟಿಯಿಂದ ಬಂದು ಕಾಲು ನೀಡಿಕೊಂಡಿದ್ದವಳು, “ಸಿಲಬಸ್ ವರ್ಷ ವರ್ಷ ಬದಲಾಗ್ತೈತೆ ಕಣವ್ವ, ಪೇಪರ್‌ನಾಗೆ ಅದೇ ಜಗಳ. ಇದೂ ಬದಲಾಗಿರ್ಬೇಕು” ಎಂದಳು.

ನನಗೂ ಹೌದೆನ್ನಿಸಿತು. ಚಳ್ಳಕೆರೆ ಕಡೆಯ ಹುಲ್ಲಿನ ಕಾವಲಿನಲ್ಲಿ ಕೃಷ್ಣಮೃಗಗಳು ಬಸ್ಸಿನ ಕಿಟಕಿಗೇ ಕಾಣುತ್ತವೆ. ಆನೆಯನ್ನು ಇಲ್ಲಿ ಯಾರು ಕಂಡಿದ್ದಾರೆ? ಪರವಾಗಿಲ್ಲ, ಕೊನೆಗೂ ನಮ್ಮ ಸೀಮೆಯನ್ನು ಯಾರೋ ನೆನೆಸಿಕೊಂಡಿದ್ದಾರೆ ಎಂದುಕೊಂಡು ಬಾಯಿಪಾಠ ಮಾಡಿಸಿದೆ.

ಶಾಲೆ ತೆರೆದ ದಿನ ಹೆಡ್ ಮೇಡಂ ಮುಂದೆ ಕೂತೆವು. ಹುಡುಗಿ ಸರಾಗವಾಗಿ ಓದಿದಳು, ಭಾಗಾಕಾರ ಮಾಡಿದಳು. ನನ್ನ ಎದೆ ಹಗುರಾಗುತ್ತಿತ್ತು.

“ಜಾಣೆ ಕಣೇ. ನಮ್ಮ ರಾಜ್ಯದ ಪ್ರಾಣಿ ಯಾವ್ದು?”

“ಕೃಷ್ಣಮೃಗ.”

“ಪಕ್ಷಿ?”

“ಗಿಳಿ.”

ಮೇಡಂ ಕನ್ನಡಕ ತೆಗೆದರು. “ಆನೆ ಎಲ್ಲಿಗೆ ಹೋಯ್ತೇ?”

“ಬದಲಾಯ್ತಲ್ಲ ಮಿಸ್. ಆನೆ ಇಲ್ಲಿ ಎಲ್ಲೈತೆ? ಜಿಂಕೆ ಆದ್ರೆ ಬಸ್ಸಿನಾಗೇ ಕಾಣ್ತಾವೆ.”

“ಸಿಲಬಸ್ ರಿವೈಸ್ ಆಗಿದೆಯಲ್ಲ ಮೇಡಂ,” ಎಂದು ನಾನೂ ಬಾಯಿ ಹಾಕಿ, ಬ್ಯಾಗಿನಿಂದ ಪುಸ್ತಕ ತೆಗೆದುಕೊಟ್ಟೆ. ಅವರು ನಾಲ್ಕು ಹಾಳೆ ತಿರುವಿದರು. ಆಮೇಲೆ ಬ್ರೌನ್ ಪೇಪರನ್ನು ಮೆಲ್ಲಗೆ ಬಿಚ್ಚಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಮೇಲೆ ಆಂಧ್ರಪ್ರದೇಶ ಸರ್ಕಾರ ಎಂದಿತ್ತು. ಕನ್ನಡದಲ್ಲೇ.

“ಎಲ್ಲಿಂದ ತರಿಸಿದ್ರಿ ಅಜ್ಜಿ?”

“ಪಕ್ಕದ ಮನೆಯವಳ ನಾದಿನಿ...” ಎನ್ನುತ್ತಲೇ ನೆನಪಾಯಿತು, ಆ ನಾದಿನಿಯನ್ನು ಕೊಟ್ಟಿರುವುದು ರಾಯದುರ್ಗಕ್ಕೆ. ನಮಗೆ ಅದು ಪಕ್ಕದೂರು. ಮದುವೆ, ಸಂತೆ, ಕಣ್ಣಿನ ಡಾಕ್ಟರು, ಎಲ್ಲಕ್ಕೂ ಹೋಗಿಬರುವ ಊರು. ಅಲ್ಲಿಯೂ ಮಕ್ಕಳು ಕನ್ನಡದಲ್ಲಿ ಓದುತ್ತಾರೆ. ನಡುವೆ ಒಂದು ರಾಜ್ಯ ಬದಲಾಗುತ್ತದೆ ಎನ್ನುವುದು ಪಕ್ಕದವಳಿಗೂ ಹೊಳೆದಿರಲಿಲ್ಲ, ಕಾನ್ವೆಂಟಿನಲ್ಲಿ ಜಾಗ್ರಫಿ ಪ್ರೈಜ್ ತೆಗೆದುಕೊಂಡ ನನಗೂ ಹೊಳೆದಿರಲಿಲ್ಲ.

ಹುಡುಗಿಯ ಮುಖ ಬಾಡಿತು. “ಹಂಗಾದ್ರೆ ಮೂರನೇ ಕ್ಲಾಸಾ ಮಿಸ್?”

“ಯಾರೇ ಹೇಳಿದ್ದು? ಹತ್ತು ತುಂಬೈತೆ, ವಯಸ್ಸಿನ ಪ್ರಕಾರ ಐದನೇದೇ. ರೂಲ್ಸೇ ಹಂಗೈತೆ. ನಾನು ಸುಮ್ನೆ ಮಾತಾಡ್ಸಿದ್ದು, ಎಕ್ಸಾಮ್ ಅಲ್ಲ.”

ಅವಳು ಎದ್ದು ಬಾಗಿಲಲ್ಲಿ ಕಾಯುತ್ತಿದ್ದ ಎದುರು ಮನೆಯ ಗೆಳತಿಯ ಹತ್ತಿರ ಓಡಿದಳು. ನಾನು ಕೂತೇ ಇದ್ದೆ. ರೂಲ್ಸ್ ಹಾಗಿದ್ದರೆ ಈ ಬೇಸಿಗೆ ಯಾವುದಕ್ಕೆ? ಆ ಐದು ವರ್ಷ? ನನಗೆ ಸಿಕ್ಕಿದ್ದು ಪಾಸೋ ಫೇಲೋ? ಕೇಳಬೇಕೆಂದುಕೊಂಡೆ. ಮೇಡಂ ಆಗಲೇ ಅರ್ಜಿ ತುಂಬುತ್ತಿದ್ದರು.

ಸಂಜೆ ಅವಳು ಹೊಸ ಪುಸ್ತಕಗಳನ್ನು ನನ್ನ ಮುಂದೆ ಹರಡಿದಳು. ಬ್ರೌನ್ ಪೇಪರ್ ಹಾಕಿಕೊಟ್ಟೆ, ಈ ಸಲ ಮೇಲಿನ ಹೆಸರನ್ನು ಎರಡು ಸಲ ಓದಿದ ಮೇಲೆ.

“ಅಜ್ಜಿ, ಬಸ್ಸಿಂದ ನೋಡ್ತೀವಲ್ಲ, ಆ ಜಿಂಕೆ ಹಂಗಾದ್ರೆ ಯಾವ ರಾಜ್ಯದ್ದು?”

ಐದು ವರ್ಷದಲ್ಲಿ ಒಮ್ಮೆಯೂ ಆಡದ ಮಾತೊಂದು ಬಾಯಿಗೆ ಬಂತು.

“ನಾಳೆ ನಿಮ್ಮ ಟೀಚರನ್ನ ಕೇಳು,” ಎಂದೆ.