ಪ್ರೆಸ್ಸಕ್ಕ ಎತ್ತಿಟ್ಟುಕೊಂಡ ಸಹಿ

ನಮ್ಮ ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ಸಕ್ಕನ ಬಾಯಿಗೆ ಹೆದರದವರಿಲ್ಲ. ಹತ್ತೊಂಬತ್ತು ವರ್ಷದಿಂದ ಅದೇ ಪ್ರೆಸ್ಸು, ಅದೇ ಸ್ಟೂಲು, ಅದೇ ಗಂಟುಮುಖ. ತಗಡಿನ ತೂತಿಗೆ ಸ್ಟಡ್ ಎಂಬ ಗಿಡ್ಡ ತಿರುಪುಮೊಳೆ ಇಟ್ಟು ಯಂತ್ರದಲ್ಲಿ ಒತ್ತುತ್ತಾಳೆ; ಅದರ ತಲೆಯ ಹಲ್ಲು ತಗಡನ್ನು ಕಚ್ಚಿ ಕೂರುತ್ತದೆ, ವೆಲ್ಡಿಂಗ್ ಬೇಕಿಲ್ಲ. ಸ್ಪ್ಯಾನರ್ ಹಾಕಿ ನಟ್ಟು ಬಿಗಿದು ಪರೀಕ್ಷಿಸುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ನನಗೊಂದು ಒಳ್ಳೆಯ ಮಾತು ಬಿದ್ದಿಲ್ಲ.

ಖರೀದಿ ಮ್ಯಾನೇಜರು ಅವಳ ಅಕ್ಕನ ಗಂಡ. ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಸ್ಟೇನ್‌ಲೆಸ್ ಮುಚ್ಚಳಗಳ ಆರ್ಡರ್ ಬಂದ ದಿನವೇ ಜಗಳ ಶುರುವಾಯಿತು.

"ಭಾವ, ಸ್ಟಡ್ಡು ತಗಡಿಗಿಂತ ಗಟ್ಟಿ ಇರ್ಬೇಕು. ಈ ಸ್ಟಡ್ಡು ಕಚ್ಚಲ್ಲ."

"ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ಸೇ ತಂದಿದೀನಿ, ಇನ್ನೇನು ಬೇಕು? ಆರಿಸೋದು ನನ್ ಕೆಲಸ, ಒತ್ತೋದು ನಿಂದು. ನಂಗೇ ಪಾಠ ಹೇಳ್ಬೇಡ."

ಅವಳು ಹಲ್ಲು ಕಡಿಯುತ್ತಾ ಒತ್ತಿದಳು. ನಾನು ನಾಲ್ಕು ಮುಚ್ಚಳಕ್ಕೆ ಬರಿಗೈಯಲ್ಲಿ ನಟ್ಟು ತಿರುಗಿಸಿ, ಸ್ಪ್ಯಾನರ್ ಮುಟ್ಟದೆ, ಸರಿ ಎಂದು ಎಲ್ಲವನ್ನೂ ಕಳಿಸಿಬಿಟ್ಟೆ.

ವಾರದೊಳಗೆ ಆರುನೂರು ಮುಚ್ಚಳ ವಾಪಸ್ ಬಂದವು. ನಟ್ಟು ಬಿಗಿದರೆ ಸ್ಟಡ್ಡೂ ಜೊತೆಗೇ ತಿರುಗುತ್ತಿತ್ತು. ಮ್ಯಾನೇಜರು ಮಾಲೀಕರಿಗೆ ಕೊಡಲು ಒಂದು ಕಾಗದ ಬರೆದರು: ಪ್ರೆಸ್ಸಿನವಳು ಕೊಟ್ಟ ಒತ್ತಡ ಸಾಲದು, ಆಕೆಯನ್ನು ಪ್ಯಾಕಿಂಗಿಗೆ ಹಾಕಬೇಕು. ಕೆಳಗೆ ನನ್ನ ಸಹಿ ಕೇಳಿದರು. ತಪ್ಪು ಅವಳ ತಲೆಗೆ ಬಿದ್ದರೆ ನನ್ನ ಸೋಮಾರಿತನ ಮುಚ್ಚಿಹೋಗುತ್ತಿತ್ತು. ಗೀಚಿಕೊಟ್ಟೆ. ಅವಳ ಮೇಲಿದ್ದ ಹಳೆಯ ಸಿಟ್ಟೂ ಆ ಗೀಚಿನಲ್ಲಿತ್ತು.

ಮಾಲೀಕರು ಎಲ್ಲರನ್ನೂ ಪ್ರೆಸ್ಸಿನ ಬಳಿ ಕರೆದರು. ಪ್ರೆಸ್ಸಕ್ಕ, ಭಾವ ತಂದ ಸ್ಟಡ್ಡಿನ ತಲೆಯನ್ನು ಮುಚ್ಚಳದ ಮೇಲೆ ಒತ್ತಿ ಎಳೆದಳು, ಸುಮ್ಮನೆ ಜಾರಿತು. ಡಬ್ಬಿಯಿಂದ ಹಳೆಯ ಗಟ್ಟಿ ಸ್ಟಡ್ಡೊಂದನ್ನು ತೆಗೆದು ಎಳೆದಳು. ಕಿರ್ರೆಂದು ಉದ್ದಕ್ಕೂ ಗೀರು ಬಿತ್ತು. ಆಮೇಲೆ ಅದನ್ನೇ ಹೊಸ ತಗಡಿಗೆ ಒತ್ತಿ ಸ್ಪ್ಯಾನರನ್ನು ಭಾವನ ಕೈಗೆ ಕೊಟ್ಟಳು. ಅವರು ಕೆಂಪಗಾಗುವಷ್ಟು ಬಿಗಿದರೂ ಅದು ಅಲುಗಲಿಲ್ಲ.

"ಗಟ್ಟಿದೇ ತರ್ಸಿ," ಎಂದರು ಮಾಲೀಕರು.

"ಆ ಕಾಗದ ಹರೀರಿ ಭಾವ, ನನ್ನೆದುರಿಗೇ," ಎಂದಳು ಅವಳು.

ಅವರು ಹರಿದು ಎಸೆದು ಹೋದರು. ಅವಳು ಬಗ್ಗಿ, ನನ್ನ ಸಹಿಯಿದ್ದ ಚೂರನ್ನು ಮಾತ್ರ ಎತ್ತಿಕೊಂಡಳು.

"ಅಕ್ಕ, ನಂದೂ ತಪ್ಪಾಯ್ತು," ಎಂದೆ.

"ಭಾವಂಗೆ ಸ್ಟಡ್ಡಿನ ಗಂಧಗಾಳಿ ಇಲ್ಲ," ಎಂದಳು. "ಇಷ್ಟು ವರ್ಷ ಸ್ಪ್ಯಾನರ್ ಹಿಡಿದಿರೋ ನಿಂಗೆ ಗೊತ್ತಿತ್ತು."

ಆ ಚೂರನ್ನು ಪ್ರೆಸ್ಸಿನ ಒತ್ತಡದ ಮೀಟರಿನ ಪಕ್ಕ ಅಂಟಿಸಿದ್ದಾಳೆ. ಮುಚ್ಚಳ ತರಲು ನಾನು ದಿನಕ್ಕೆ ನಾಲ್ಕು ಸಲ ಅಲ್ಲಿಗೇ ಹೋಗಬೇಕು. ಟೇಪು ಹಳೆಯದಾದಾಗಲೆಲ್ಲ ಅವಳು ಹೊಸದು ಹಚ್ಚುತ್ತಾಳೆ.